ಸಂತೆ ದಿನದ ಉಚಿತ ಶುಗರ್ ಕ್ಯಾಂಪ್, ಗೋಣಿಕೊಪ್ಪ: 3/5

ಒಂದು ಖಾಸಗಿ ಲ್ಯಾಬಿನವರು ಹಾಕಿದ್ದ ಕ್ಯಾಂಪಿಗೆ ಅತ್ತೆಯನ್ನು ಕರ್ಕೊಂಡು ಹೋಗಿದ್ದೆ. ಕ್ಯೂ ಬೇಗ ಸಾಗಿತು. ಚುಚ್ಚುವ ಹುಡುಗಿಯ ಕೈ ಹಗುರ, ಬೆರಳಿನ ತುದಿ ಬಿಟ್ಟು ಪಕ್ಕಕ್ಕೆ ಚುಚ್ಚಿದಳು, ಅದಕ್ಕೂ ಮೊದಲು ಸ್ಪಿರಿಟ್ ಒಣಗುವವರೆಗೆ ಕಾದಳು, ಮೊದಲ ಹನಿ ಒರೆಸಿ ಎರಡನೆಯದನ್ನು ಸ್ಟ್ರಿಪ್‌ಗೆ ಹಿಡಿದಳು. ಮೂರು ಸ್ಟಾರೂ ಅವಳಿಗೇ.

ಬೇಜಾರಾಗಿದ್ದು ಆಮೇಲೆ. ತೋಟದ ಲೈನ್‌ಮನೆಗಳಿಂದ ಬಂದವರು ಬೆಲ್ಲದ ಕಾಫಿ ಕುಡಿದೇ ಬಂದಿದ್ದರು, ತಿಂಡಿ ಆಗಿದೆಯಾ ಅಂತ ಯಾರೂ ಕೇಳಲಿಲ್ಲ, ಸುಮ್ನೆ ಚೀಟಿಯಲ್ಲಿ ನಂಬರ್ ಬರೆದು ಕೊಟ್ಟರು. ಖಾಲಿ ಹೊಟ್ಟೆಯ 126 ಬೇರೆ, ತಿಂದ ಮೇಲಿನ 126 ಬೇರೆ ಅಲ್ವಾ? ಕಡುಬು ತಿಂದು ಬಂದಿದ್ದ ಅತ್ತೆಗೆ 148 ಬಂತು. "ಶುಗರ್ ಇದೆ, ನಮ್ಮ ಪ್ಯಾಕೇಜ್ ಮಾಡಿಸಿ" ಅಂದುಬಿಟ್ಟರು!

ಬೆರಳಿನ ರಕ್ತ ಬರೀ ಸುಳಿವು. ಜಾಸ್ತಿ ಬಂದರೆ ನರದಿಂದ ರಕ್ತ ಕೊಟ್ಟು ಫಾಸ್ಟಿಂಗ್ ಅಥವಾ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟ್) ಮಾಡಿಸಬೇಕು. ಫಾಸ್ಟಿಂಗ್ 100ರಿಂದ 125, ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಅಂಚಿನಲ್ಲಿದ್ದೀರಿ ಅಂತ. 126 ಅಥವಾ 6.5 ಮುಟ್ಟಿದರೆ ಡಾಕ್ಟರ ಹತ್ತಿರ ಹೋಗಿ. ಎಚ್‌ಬಿಎ1ಸಿಗೆ ಉಪವಾಸ ಬೇಡ, ಆದರೆ ರಕ್ತ ಕಮ್ಮಿ ಇರುವವರಿಗೆ ಅದು ತಪ್ಪು ತೋರಿಸಬಹುದು. 30 ದಾಟಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲೂ ಶುಗರ್ ತಪಾಸಣೆ ಉಚಿತ, ಅಲ್ಲಿ ಪ್ಯಾಕೇಜ್ ಮಾರುವವರಿಲ್ಲ.