ಸಿಸೇರಿಯನ್ ನೋವಿಗೆ ಮೂರು ಬಗೆಯ ಮಾಲೀಶು: ಕೈಕಾಲು, ಎಣ್ಣೆನೀರು, ಗಾಯದ ಗೆರೆ

ಸಿಸೇರಿಯನ್ ಆದ ಬಾಣಂತಿಗೆ ಇರುವುದು ಒಂದೇ ನೋವಲ್ಲ. ಹೊಲಿಗೆಯ ಉರಿ, ಹಾಸಿಗೆ ಹಿಡಿದು ಬಿಗಿದ ಸೊಂಟ, ಹಾಲೂಡಿಸಿ ಸೋತ ಕತ್ತು, ತಿಂಗಳು ಕಳೆದ ಮೇಲೆ ಗಾಯದ ಗೆರೆಯ ಸೆಳೆತ, ಎಲ್ಲಕ್ಕೂ ಬೇರೆ ಬೇರೆ ಕಾರಣ. ಬಾಣಂತಿಯರ ಆರೈಕೆಯಲ್ಲಿ ನಾವು ಮಾಡಿ ನೋಡಿದ ಮೂರು ಬಗೆಗಳಲ್ಲಿ ಯಾವುದೂ ಇನ್ನೊಂದರ ಕೆಲಸ ಮಾಡುವುದಿಲ್ಲ.

ಮೊದಲ ಎರಡು-ಮೂರು ದಿನಕ್ಕೆ ಕೈಕಾಲು ನೀವುವುದೇ ಸರಿ. ಹೊಟ್ಟೆಯ ಹತ್ತಿರ ಕೈ ಹೋಗುವುದಿಲ್ಲ, ಬಾಣಂತಿ ಮಗ್ಗುಲು ಬದಲಿಸಬೇಕಾಗಿಲ್ಲ. ಬೆನ್ನಿಗೆ ಕೊಟ್ಟ ಅರಿವಳಿಕೆ ಇಳಿದು ಪಾದಕ್ಕೆ ಸ್ಪರ್ಶ ತಿಳಿಯುವವರೆಗೆ ಕಾಯಬೇಕು; ಜೋಮು ಹಿಡಿದ ಕಾಲನ್ನು ಎಷ್ಟು ಒತ್ತಿದರೂ ಆಕೆಗೆ ಗೊತ್ತಾಗದು. ಎರಡು ಪಾದಕ್ಕೆ ಒಂದು ಚಮಚ ಕೊಬ್ಬರಿ ಎಣ್ಣೆ ಸಾಕು. ಹೆಬ್ಬೆರಳಿನಿಂದ ಅಂಗಾಲನ್ನು ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ನಿಧಾನವಾಗಿ ಒತ್ತಿ, ಆಮೇಲೆ ಒಂದೊಂದೇ ಬೆರಳು ಹಿಡಿದು ಎಳೆಯಿರಿ. ಒಂದೊಂದು ಕೈಗೆ, ಕಾಲಿಗೆ ಐದೈದು ನಿಮಿಷ. ಡ್ರಿಪ್ ಸೂಜಿ ಇರುವ ಕೈ ಬಿಡಿ. ನೋವಿನ ಮಾತ್ರೆ ನಿಲ್ಲಿಸಬೇಡಿ; ಮಾತ್ರೆ ಹಿಡಿದ ಮೇಲೆ ನೀವಿದರೆ ಇನ್ನೂ ಹಿತ. ಒಂದು ಎಚ್ಚರಿಕೆ: ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಕೈ ಹಾಕಲೇಬೇಡಿ. ಹೆರಿಗೆಯ ನಂತರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶ ಸೇರಬಹುದು. ಕೂಡಲೇ ಆಸ್ಪತ್ರೆಗೆ ಹೊರಡಿ.

ನಮ್ಮ ಮನೆಗಳ ಎಣ್ಣೆನೀರು ಸೊಂಟ, ಬೆನ್ನು, ಭುಜದ ನೋವಿಗೆ ನಿಜಕ್ಕೂ ಒಳ್ಳೆಯದು. ಆದರೆ ಅದರ ಕ್ರಮವೆಲ್ಲ ಸಹಜ ಹೆರಿಗೆಯವರಿಗೆ ರೂಢಿಯಾದದ್ದು, ತೊಡಕು ಅಲ್ಲೇ. ಎಣ್ಣೆ ತಿಕ್ಕುವ ಅಜ್ಜಿ ವಾಡಿಕೆಯಂತೆ ಹೊಟ್ಟೆಯನ್ನೂ ಒತ್ತಿ ನೀವುತ್ತಾರೆ. ಮೇಲಿನ ಚರ್ಮ ಕೂಡಿಕೊಂಡಂತೆ ಕಂಡರೂ ಒಳಗೆ ಗರ್ಭಕೋಶದ, ಸ್ನಾಯುವಿನ ಹೊದಿಕೆಯ ಹೊಲಿಗೆ ಇನ್ನೂ ಹಸಿ ಇರುತ್ತದೆ. ಹೊಟ್ಟೆ ಬೇಡ ಎಂದು ಮೊದಲೇ ಹೇಳಿ. ಅಜ್ಜಿ ಬೇಸರಪಟ್ಟುಕೊಂಡರೂ ಪರವಾಗಿಲ್ಲ. ಹೊಲಿಗೆ ಒಣಗಿ, ವೈದ್ಯರು ಒಪ್ಪಿದ ಮೇಲೆ ಶುರು ಮಾಡಿ. ಬೋರಲು ಮಲಗಿಸಬಾರದು. ಎಡಮಗ್ಗುಲಿಗೆ ಮಲಗಿಸಿ, ಮಂಡಿಗಳ ನಡುವೆ ಒಂದು ದಿಂಬು, ಹೊಟ್ಟೆಗೆ ಆನಿಕೆಯಾಗಿ ಇನ್ನೊಂದು ದಿಂಬು ಕೊಟ್ಟು, ಬೆನ್ನುಮೂಳೆಯ ಎರಡೂ ಬದಿಗೆ ಅಂಗೈಯಿಂದ ಸೊಂಟದಿಂದ ಭುಜದತ್ತ ನೀವಿ. ಮೂಳೆಯ ಮೇಲೇ ಒತ್ತಬೇಡಿ. ಇಪ್ಪತ್ತು ನಿಮಿಷ ಧಾರಾಳ. ಎಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಕಾಯಿಸಿ, ಮಣಿಕಟ್ಟಿನ ಒಳಬದಿಗೆ ಹಚ್ಚಿ ನೋಡಿ.

ನೀರಿನ ಭಾಗಕ್ಕೆ ಇನ್ನೂ ಜಾಗ್ರತೆ ಬೇಕು. ಹಂಡೆಯ ಸುಡುನೀರನ್ನು ಎತ್ತರದಿಂದ ಹೊಟ್ಟೆಗೆ ರಪರಪ ಎರಚುವುದು ಸಿಸೇರಿಯನ್ ಆದವರಿಗೆ ಕೂಡದು. ಹೊಲಿಗೆಯ ಸುತ್ತ ಸ್ಪರ್ಶ ಮಂದವಾಗಿರುವುದರಿಂದ ಸುಟ್ಟರೂ ತಿಳಿಯದೆ ಹೋಗಬಹುದು. ಬಿಸಿಗೆ ತಲೆಸುತ್ತಿ ಬಚ್ಚಲಲ್ಲಿ ಬೀಳುವವರೂ ಇದ್ದಾರೆ. ಸ್ಟೂಲಿನ ಮೇಲೆ ಕೂರಿಸಿ, ಹದವಾದ ನೀರನ್ನು ಬೆನ್ನಿಗೆ ಹಾಕಿ, ಎಣ್ಣೆ ಜಿಡ್ಡಿನ ಕಾಲು ಜಾರದಂತೆ ಒಬ್ಬರು ಜೊತೆಗಿರಿ.

ಎಣ್ಣೆಗಳಲ್ಲಿ ನಮ್ಮ ಆಯ್ಕೆ ಎಳ್ಳೆಣ್ಣೆ: ಕೈ ಸಲೀಸಾಗಿ ಜಾರುತ್ತದೆ, ಬೇಗ ಒಣಗುವುದಿಲ್ಲ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ, ಸೆಕೆಗೆ ಅದೇ ಹಿತ. ಹರಳೆಣ್ಣೆ ಅಂಟು ಹೆಚ್ಚು, ಬರೀ ಅದನ್ನೇ ಹಚ್ಚಿದರೆ ಚರ್ಮ ಎಳೆಯುತ್ತದೆ. ಸಾಸಿವೆ ಎಣ್ಣೆ ಕೆಲವರ ಚರ್ಮಕ್ಕೆ ಉರಿ. ಯಾವುದೇ ಇರಲಿ, ಒಣಗದ ಹೊಲಿಗೆಗೆ ಸೋಕಬಾರದು.

ಮೂರನೆಯದು ಗಾಯದ ಗೆರೆಯ ಮಾಲೀಶು. ಇದನ್ನು ನಮ್ಮಲ್ಲಿ ಮಾಡುವವರೇ ಕಡಿಮೆ. ನೆಟ್ಟಗೆ ನಿಂತಾಗ ಗೆರೆ ಸೆಳೆಯುವವರಿಗೆ ಮಿಕ್ಕೆರಡಕ್ಕಿಂತ ಇದೇ ಮೇಲು. ಆರು ವಾರದ ತಪಾಸಣೆಯಲ್ಲಿ ವೈದ್ಯರು ಗಾಯ ಪೂರ್ತಿ ಕೂಡಿದೆ ಎಂದ ಮೇಲೆ ಬಾಣಂತಿಯೇ ಮಾಡಿಕೊಳ್ಳಬಹುದು. ಮಂಡಿ ಮಡಚಿ ಅಂಗಾತ ಮಲಗಿ, ಮೊದಲ ವಾರ ಗೆರೆಯಿಂದ ಎರಡು ಬೆರಳು ಮೇಲೆ, ಕೆಳಗೆ ಮಾತ್ರ ನೀವಿ. ಆಮೇಲೆ ಗೆರೆಯ ಮೇಲೆಯೇ ಎರಡು ಬೆರಳಿಟ್ಟು ಚರ್ಮವನ್ನು ಮೇಲೆ-ಕೆಳಗೆ, ಎಡ-ಬಲ, ಸುತ್ತ ಸರಿಸಿ. ಬೆರಳು ಚರ್ಮದ ಮೇಲೆ ಜಾರಬಾರದು, ಚರ್ಮವೇ ಬೆರಳಿನೊಂದಿಗೆ ಸರಿಯಬೇಕು. ಅದಕ್ಕೇ ಎಣ್ಣೆ ಎರಡೇ ಹನಿ. ದಿನಕ್ಕೆ ಒಂದೆರಡು ಸಲ, ಐದೈದು ನಿಮಿಷ. ಬಟ್ಟೆ ಸೋಕಿದರೂ ಚುಳ್ಳೆನ್ನುವವರು ಮೊದಲು ಹತ್ತಿಯಿಂದ, ಆಮೇಲೆ ಮೆತ್ತನೆ ಬಟ್ಟೆಯಿಂದ, ಕೊನೆಗೆ ಟವೆಲಿನಿಂದ ಸವರಿ ರೂಢಿಸಿಕೊಳ್ಳಲಿ. ಮಾಲೀಶಿನ ಹೊತ್ತಿಗೆ ಹಗುರವಾಗಿ ಸೆಳೆದರೆ ಸರಿ. ಮರುದಿನವೂ ನೋವು ಉಳಿದರೆ ಒತ್ತಡ ಹೆಚ್ಚಾಗಿದೆ ಎಂದರ್ಥ. ಗೆರೆ ಕೆಂಪಾಗಿ ಊದಿದರೆ, ಕೀವು ಅಥವಾ ನೀರು ಒಸರಿದರೆ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಾಲೀಶು ನಿಲ್ಲಿಸಿ ಅಂದೇ ವೈದ್ಯರಿಗೆ ತೋರಿಸಬೇಕು.