ಮೆಗಲಡಾನ್ ಎಷ್ಟುದ್ದ ಇತ್ತು? ಹಲ್ಲು ಅಳೆಯುವ ಮೂರು ದಾರಿ

ಫ್ಲೋರಿಡಾದ ವೆನಿಸ್ ಕಡಲತೀರದಲ್ಲಿ, ಬಹಳ ಹಿಂದೆ ಅಳಿದುಹೋದ ದೈತ್ಯ ಶಾರ್ಕ್ ಮೆಗಲಡಾನ್‌ನ ಹಲ್ಲು ಸಿಕ್ಕವರಿಗೆಲ್ಲ ಮೊದಲು ಬರುವ ಪ್ರಶ್ನೆ ಒಂದೇ: ಈ ಶಾರ್ಕ್ ಎಷ್ಟುದ್ದ ಇತ್ತು? ಶಾರ್ಕ್ ಮೈಯಲ್ಲಿರುವುದು ಮೆದುಮೂಳೆ. ಅದು ಬಹುತೇಕ ಕೊಳೆತು ಹೋಗಿ ಹಲ್ಲು ಮಾತ್ರ ಉಳಿಯುತ್ತದೆ. ಹಾಗಾಗಿ ಈಗಲೂ ಬದುಕಿರುವ ಬಿಳಿ ಶಾರ್ಕ್‌ನ ಹಲ್ಲಿಗೂ ಮೈಯುದ್ದಕ್ಕೂ ಇರುವ ಲೆಕ್ಕವನ್ನೇ ಮೆಗಲಡಾನ್‌ಗೂ ಹಚ್ಚುತ್ತಾರೆ. ಅಂಥ ಮೂರು ವಿಧಾನಗಳಲ್ಲಿ ಎರಡನ್ನು ನಾನೂ ಕ್ಯಾಲಿಪರ್ (ದವಡೆಯಂತೆ ಹಿಡಿದು ಅಳೆಯುವ ಸಾಧನ) ಹಿಡಿದು ಮಾಡಿ ನೋಡಿದೆ.

ಎಲ್ಲಕ್ಕಿಂತ ಸುಲಭವಾದದ್ದು ಸಂಶೋಧಕ ಗಾಟ್‌ಫ್ರೀಡ್ ತಂಡದ 1996ರ ಸೂತ್ರ. ಮೇಲ್ದವಡೆಯ ಮುಂದಿನ ದೊಡ್ಡ ಹಲ್ಲಿನ ಪೂರ್ತಿ ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಅಳೆದು, 0.96ರಿಂದ ಗುಣಿಸಿ, 0.22 ಕಳೆಯಿರಿ. ಉತ್ತರ ಮೀಟರ್‌ನಲ್ಲಿ ಬರುತ್ತದೆ. ನನ್ನ 12 ಸೆಂ.ಮೀ. ಹಲ್ಲಿಗೆ 11.3 ಮೀಟರ್ ಬಂತು. ಆದರೆ ಬೇರು ಮುರಿದಿದ್ದರೆ ಈ ಸೂತ್ರ ಕೆಲಸಕ್ಕೆ ಬರುವುದಿಲ್ಲ. ಅಲೆಗೆ ಸಿಕ್ಕಿ ಉರುಳಿದ ಹಲ್ಲುಗಳಲ್ಲಿ ಬೇರು ಪೂರ್ತಿ ಇರುವುದೇ ಕಡಿಮೆ.

ಅಲ್ಲಿ ಕೈಹಿಡಿಯುವುದು ಶಾರ್ಕ್ ಪಳೆಯುಳಿಕೆಗಳ ಸಂಶೋಧಕ ಶಿಮಾಡ ಅವರ ವಿಧಾನ. ಇದರಲ್ಲಿ ಬೇರು ಬೇಡ, ಹೊಳಪಿನ ಭಾಗದ ಎತ್ತರ ಸಾಕು. ಹಲ್ಲಿನ ಚಪ್ಪಟೆ ಮುಖವನ್ನು, ಅಂದರೆ ತುಟಿಯ ಕಡೆಯದನ್ನು, ನಿಮ್ಮತ್ತ ತಿರುಗಿಸಿ. ಹೊಳಪು ನಿಂತು ಬೇರು ಶುರುವಾಗುವ ಗೆರೆಯಿಂದ ತುದಿಯವರೆಗೆ ನೆಟ್ಟಗೆ ಅಳೆಯಿರಿ. ಅದೇ ಹಲ್ಲಿನಲ್ಲಿ ಇದು 9 ಸೆಂ.ಮೀ. ಇತ್ತು, ಮೈಯುದ್ದ ಸುಮಾರು 10.4 ಮೀಟರ್ ಬಂತು. ಎರಡೂ ಲೆಕ್ಕ ಹತ್ತಿರ ಹತ್ತಿರ ಇದೆ ಅಲ್ವಾ?

ತೊಂದರೆ ಇರುವುದು ಹಲ್ಲು ದವಡೆಯಲ್ಲಿ ಯಾವ ಜಾಗದ್ದು ಅನ್ನುವುದರಲ್ಲಿ. ಶಿಮಾಡ ಒಂದೊಂದು ಜಾಗಕ್ಕೂ ಬೇರೆ ಸೂತ್ರ ಕೊಟ್ಟಿದ್ದಾರೆ. ಮುಂದಿನ ಹಲ್ಲಿನಲ್ಲಿ 1 ಮಿ.ಮೀ. ಹೆಚ್ಚಾದರೆ ಉದ್ದ ಸುಮಾರು 11.5 ಸೆಂ.ಮೀ. ಏರುತ್ತದೆ. ಹಿಂದಿನ ಕಿರುಹಲ್ಲಿನಲ್ಲಿ ಅದೇ 1 ಮಿ.ಮೀ. ಅರ್ಧ ಮೀಟರ್‌ನಷ್ಟು ಏರಿಸಿಬಿಡುತ್ತದೆ! ಫ್ಲೋರಿಡಾದಲ್ಲಿ ಶಾಲಾ ಮಕ್ಕಳು ಒಂದೇ ಮೆಗಲಡಾನ್‌ನ ಹಲ್ಲುಗಳ 3ಡಿ ಮುದ್ರಿತ ನಕಲುಗಳನ್ನು ಹೀಗೆ ಅಳೆದಾಗ 40 ಅಡಿಯಿಂದ 148 ಅಡಿವರೆಗೆ ಉತ್ತರ ಬಂತು. ಸುಮ್ನೆ ಅಂದಾಜಿನಲ್ಲಿ ಜಾಗ ಗುರುತಿಸಿ ಲೆಕ್ಕ ಹಾಕುವವರು ಇದನ್ನು ನೆನಪಿಡಲೇಬೇಕು.

ಆ ಗೊಂದಲದಿಂದಲೇ ಮೂರನೆಯ ದಾರಿ ಹುಟ್ಟಿತು. 2021ರಲ್ಲಿ ವಿಕ್ಟರ್ ಪೆರೆಜ್ ಮತ್ತು ಜೊತೆಗಾರರು ಎತ್ತರ ಬಿಟ್ಟು ಅಗಲ ಹಿಡಿದರು. ದೊಡ್ಡ ಮೀನಿಗೆ ದವಡೆಯೂ ಅಗಲ, ಆ ದವಡೆಯಲ್ಲಿ ಸಾಲಾಗಿ ಕೂರುವ ಹಲ್ಲುಗಳ ಅಗಲದ ಮೊತ್ತವೂ ಜಾಸ್ತಿ. ಅವರ ಲೆಕ್ಕದಲ್ಲಿ ಮೆಗಲಡಾನ್ 20 ಮೀಟರ್‌ವರೆಗೆ ಹೋಗುತ್ತದೆ. ಮೂರರಲ್ಲಿ ನನಗೆ ಹೆಚ್ಚು ನಂಬಿಕೆ ಇದರ ಮೇಲೆಯೇ, ಒಂದು ಹಲ್ಲು ಮಾಡುವ ಮೋಸ ಇಲ್ಲಿ ಮೊತ್ತದಲ್ಲಿ ಕರಗುತ್ತದೆ. ಆದರೆ ಒಂದೇ ಮೀನಿನ ಹಲ್ಲುಗಳ ಸೆಟ್ ಬೇಕು. ತೀರದಲ್ಲಿ ಒಂಟಿ ಹಲ್ಲು ಹೆಕ್ಕಿದವರಿಗೆ ಅದೆಲ್ಲಿ ಸಿಗಬೇಕು?

ಮೂರೂ ವಿಧಾನ ಬಿಳಿ ಶಾರ್ಕ್‌ನ ಬೆನ್ನ ಮೇಲೇ ನಿಂತಿವೆ ಅನ್ನುವುದನ್ನೂ ಮರೆಯಬಾರದು. ಮೆಗಲಡಾನ್ ಅದರ ಕುಟುಂಬಕ್ಕೆ ಸೇರಿದ್ದಲ್ಲ. ಬೆಲ್ಜಿಯಂನಲ್ಲಿ ಸಿಕ್ಕ 11 ಮೀಟರ್ ಉದ್ದದ ಬೆನ್ನುಮೂಳೆ ಸಾಲನ್ನು ಆಧರಿಸಿ ಶಿಮಾಡ ತಂಡ 2025ರಲ್ಲಿ, ಇದು ಬಿಳಿ ಶಾರ್ಕ್‌ಗಿಂತ ತೆಳ್ಳಗಿದ್ದು 24 ಮೀಟರ್ ಮುಟ್ಟಿರಬಹುದು ಎಂದಿತು.

ಬೇರಿರುವ ಮುಂದಿನ ಹಲ್ಲಿಗೆ ನಾನು ಮೊದಲೆರಡೂ ಸೂತ್ರ ಹಾಕುತ್ತೇನೆ. ಬೇರಿಲ್ಲದಿದ್ದರೆ ಶಿಮಾಡ ಒಂದೇ. ಜಾಗ ತಿಳಿಯದ, ದವಡೆಯ ಪಕ್ಕದ ಹಲ್ಲಿಗೆ ಉದ್ದ ಬರೆಯುವುದೇ ಇಲ್ಲ. 12 ಸೆಂ.ಮೀ. ಹಲ್ಲಿನ ಚೀಟಿಯಲ್ಲಿ “10ರಿಂದ 11.5 ಮೀಟರ್, ಬಿಳಿ ಶಾರ್ಕ್ ಲೆಕ್ಕದಲ್ಲಿ” ಎಂದು ಬರೆದಿದ್ದೇನೆ.