ಬ್ರಾಹ್ಮಿ ಕ್ಯಾಪ್ಸೂಲ್: ಒಂಬತ್ತು ತಿಂಗಳು ನುಂಗಿದ ಮೇಲೆ (3/5)

ನಾನು ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಕುಯ್ಲು ಶುರುವಾದರೆ ಸಂಜೆ ಹಣ್ಣು ತೂಗಿಸಿ ಯಾರದು ಎಷ್ಟು ಕೆ.ಜಿ. ಅಂತ ಬರೆಯಬೇಕು. ಹೋದ ವರ್ಷ ಕೂಗಿದ ತೂಕ ಪೆನ್ನು ಪುಸ್ತಕಕ್ಕೆ ಮುಟ್ಟುವಷ್ಟರಲ್ಲಿ ಮರೆತೇ ಹೋಗುತ್ತಿತ್ತು. ಮಗಳು ಆನ್‌ಲೈನಲ್ಲಿ ಇದನ್ನು ತರಿಸಿಕೊಟ್ಟಳು.

ಗದ್ದೆ ಏರಿಯಲ್ಲಿ ಹಬ್ಬುವ ಒಂದೆಲಗಕ್ಕೂ ಜನ ಬ್ರಾಹ್ಮಿ ಅಂತಾರೆ. ಇದು ಅದಲ್ಲ, ನೀರುಬ್ರಾಹ್ಮಿ. ಲೇಬಲ್ಲಿನಲ್ಲಿ ಬಕೋಪ ಅಂತಿರಬೇಕು. ಬರೀ ಸೊಪ್ಪಿನ ಪುಡಿಯೋ ಎಕ್ಸ್‌ಟ್ರ್ಯಾಕ್ಟೋ (ಅಂದರೆ ಸಾರ ತೆಗೆದದ್ದು) ಅದನ್ನೂ ನೋಡಿ. ನನ್ನದು 300 ಮಿ.ಗ್ರಾಂ ಎಕ್ಸ್‌ಟ್ರ್ಯಾಕ್ಟ್, ದಿನಕ್ಕೊಂದು.

ಮೊದಲ ವಾರ ಖಾಲಿ ಹೊಟ್ಟೆಯಲ್ಲಿ ನುಂಗಿ, ಬೆಳಿಗ್ಗೆ ಹಾಜರಿ ಹಾಕುವುದು ಬಿಟ್ಟು ಎರಡು ಸಲ ಮನೆಗೆ ಓಡಿದೆ. ಆಮೇಲೆ ರಾತ್ರಿ ಊಟವಾದ ಮೇಲೆ ತಗೊಂಡೆ, ಹೊಟ್ಟೆ ಸುಮ್ಮನಾಯಿತು.

ನನ್ನದೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದೆ. ಪುಸ್ತಕ ಮುಚ್ಚಿ 20 ಜನರ ಆ ದಿನದ ತೂಕ ಹೇಳುವುದು. ನವೆಂಬರಿನಲ್ಲಿ ಏಳೆಂಟು ಸರಿ ಬರುತ್ತಿತ್ತು. ಒಂದು ತಿಂಗಳು ಏನೂ ಕಾಣಲಿಲ್ಲ, ದುಡ್ಡು ದಂಡ ಅಂದುಕೊಂಡೆ. ಆಸ್ಟ್ರೇಲಿಯಾದವರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇದೇ 300 ಮಿ.ಗ್ರಾಂ ಕೊಟ್ಟು, ಫಲ ಕಂಡಿದ್ದು 12 ವಾರಕ್ಕಂತೆ. ಫೆಬ್ರವರಿ ಕೊನೆಗೆ ನನಗೆ ಹನ್ನೆರಡು, ಒಮ್ಮೊಮ್ಮೆ ಹದಿಮೂರು.

ಅಷ್ಟರಲ್ಲಿ ಇನ್ನೊಂದು ಕಥೆ. ಕಾಲು ಜೋಮು ಹಿಡಿಯುತ್ತೆ ಅಂತ ಜನವರಿಯಲ್ಲಿ ಮಡಿಕೇರಿಗೆ ಹೋಗಿದ್ದೆ. ರಕ್ತ ಪರೀಕ್ಷೆಯಲ್ಲಿ ಬಿ12 ತೀರಾ ಕಡಿಮೆ. ಸಕ್ಕರೆ ಕಾಯಿಲೆಗೆ ಆರು ವರ್ಷದಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದೇನೆ, ಅದರಿಂದ ಹೀಗಾಗುತ್ತದೆ, ಮರೆವಿಗೂ ಅದು ಕಾರಣ ಇರಬಹುದು ಅಂದರು ಡಾಕ್ಟರು. ಇಂಜೆಕ್ಷನ್ ಶುರುವಾಯಿತು. ಹಾಗಾಗಿ ಆ ಹನ್ನೆರಡರಲ್ಲಿ ಬ್ರಾಹ್ಮಿಯದೆಷ್ಟು, ಬಿ12ದೆಷ್ಟು, ದಿನಾ ಅದೇ ಮುಖಗಳನ್ನು ನೋಡಿದ ರೂಢಿಯದೆಷ್ಟು? ಬಾಟಲಿಗೆ ಪೂರ್ತಿ ಮಾರ್ಕು ಕೊಡಲು ಮನಸ್ಸು ಬರುವುದಿಲ್ಲ. ಮರೆವು ಅಂತ ಇದನ್ನು ಕೊಳ್ಳುವವರು ಮೊದಲು ಬಿ12, ಥೈರಾಯ್ಡ್ ನೋಡಿಸಿಕೊಳ್ಳಿ.

ಒಂದು ಸ್ಟಾರ್ ಕಳೆದದ್ದು ಮಳೆಗಾಲಕ್ಕೆ. ಜುಲೈಯಲ್ಲಿ ಮುಚ್ಚಳ ತೆಗೆದರೆ ಕ್ಯಾಪ್ಸೂಲುಗಳೆಲ್ಲ ಒಂದಕ್ಕೊಂದು ಅಂಟಿ ಹಲಸಿನ ಮೇಣದ ಮುದ್ದೆ. ಚಮಚದ ಹಿಡಿಯಿಂದ ಎಬ್ಬಿಸಿದರೆ ಹಸಿರು ಪುಡಿ ಕೈಗೆ ಬಂತು. ಮಾರಿದವರು ಸೀಲ್ ಒಡೆದಿದೆ, ವಾಪಸ್ ಇಲ್ಲ ಅಂದರು. ಕೊಡಗಿನ ಮಳೆ ಅವರಿಗೇನು ಗೊತ್ತು! ನಮ್ಮ ಕಡೆಯವರು ಸ್ಟ್ರಿಪ್‌ನಲ್ಲಿ ಬರುವುದನ್ನೇ ತಗೊಳ್ಳಿ.

ಆಗಸ್ಟಿನಿಂದ ನಿಲ್ಲಿಸಿದ್ದೇನೆ, ಬಿ12 ಮಾತ್ರ ನಡೆಯುತ್ತಿದೆ. ಈ ಸಲದ ಕುಯ್ಲಿಗೆ ಬ್ರಾಹ್ಮಿ ಇಲ್ಲದೆ ಅದೇ 20 ಜನರ ಲೆಕ್ಕ ಹೇಳಿ ನೋಡಬೇಕು. ಹನ್ನೆರಡು ಬಂದರೆ ಇಲ್ಲೇ ಬಂದು ಇನ್ನೊಂದು ಸ್ಟಾರ್ ಕಿತ್ತು ಹಾಕುತ್ತೇನೆ.